ನಿಮ್ಮ ಗೇಮ್ ಮ್ಯಾಪ್ ಬೇರೆಯವರ ಕಂಪ್ಯೂಟರ್‌ನಲ್ಲೂ ತೆರೆಯಬೇಕು: ಮೊದಲ ಸಲ ಹಂಚುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಹಂಚಿದ ಮ್ಯಾಪ್ ಒಂದು ಹಳೇ ಗೋದಾಮು. ಶೂಟಿಂಗ್ ಗೇಮ್‌ಗೆ ಮಾಡಿದ್ದು. ಮೂರು ತಿಂಗಳು ರಾತ್ರಿ ಕೂತು ಕೆಲಸ ಮಾಡಿದ್ದೆ. ತುಕ್ಕು ಹಿಡಿದ ತಗಡು, ಸೋರುವ ಪೈಪು, ಗೋಡೆ ಮೇಲಿನ ಒದ್ದೆ ಕಲೆ, ಎಲ್ಲದಕ್ಕೂ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ನಾನೇ ಮಾಡಿದ್ದು. ಅಪ್‌ಲೋಡ್ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದೇ ಒಂದು ಮೆಸೇಜು: "ಗೋಡೆಯೆಲ್ಲ ನೇರಳೆ, ಕಪ್ಪು ಚೌಕ ಚೌಕ ಕಾಣ್ತಿದೆ. ಇದು ಹೀಗೇ ಇರೋದಾ?"

ಹೀಗೇ ಇರೋದಲ್ಲ. ಸೋರ್ಸ್ ಅನ್ನುವ ಎಂಜಿನ್ (ಗೇಮನ್ನು ನಡೆಸುವ ಮೂಲ ಸಾಫ್ಟ್‌ವೇರ್) ಬಳಸುವ ಗೇಮ್‌ಗಳಲ್ಲಿ ಟೆಕ್ಸ್ಚರ್ ಸಿಗದಿದ್ದರೆ ಆ ಜಾಗದಲ್ಲಿ ನೇರಳೆ-ಕಪ್ಪು ಚೌಕಗಳು ಬರುತ್ತವೆ. ಮಾಡೆಲ್ (ಪೀಪಾಯಿ, ಕುರ್ಚಿಯಂಥ ವಸ್ತುವಿನ ಆಕಾರ) ಸಿಗದಿದ್ದರೆ ಕೆಂಪು ಅಕ್ಷರದಲ್ಲಿ 'ಎರರ್' ಅಂತ ದೊಡ್ಡದಾಗಿ ನಿಂತಿರುತ್ತದೆ. ನನ್ನ ಟೆಕ್ಸ್ಚರ್‌ಗಳೆಲ್ಲ ನನ್ನ ಕಂಪ್ಯೂಟರ್‌ನ ಒಂದು ಫೋಲ್ಡರ್‌ನಲ್ಲಿ ಆರಾಮಾಗಿ ಕೂತಿದ್ದವು. ನಾನು ಕಳಿಸಿದ್ದು ಮ್ಯಾಪ್ ಫೈಲ್ ಮಾತ್ರ. ನನಗೆ ಎಲ್ಲ ಸರಿ ಕಾಣುತ್ತಿತ್ತು, ಯಾಕಂದ್ರೆ ಆ ಫೋಲ್ಡರ್ ನನ್ನ ಹತ್ತಿರ ಇತ್ತು.

ಮ್ಯಾಪ್ ಹಂಚುವುದರಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿಯವು. ನಿಮ್ಮ ಹತ್ತಿರ ಇರುವುದು ಅವರ ಹತ್ತಿರ ಇರುವುದಿಲ್ಲ. ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ. ಕೆಳಗಿನ ಹಂತಗಳನ್ನು ಆ ಮುಖ ಗೊತ್ತಿಲ್ಲದ ಆಟಗಾರನನ್ನು ನೆನಪಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ನಿಮ್ಮ ಗೇಮ್‌ನಲ್ಲಿ ಹಂಚುವ ದಾರಿ ಯಾವುದು?

ಮ್ಯಾಪ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳುವುದು ಒಳ್ಳೇದು. ಸುಮಾರಾಗಿ ಮೂರು ದಾರಿಗಳಿವೆ.

ಮೊದಲನೆಯದು ಕೋಡ್. ಗೇಮ್ ಒಳಗೇ ಮ್ಯಾಪ್ ಮಾಡುತ್ತೀರಿ, ಗೇಮ್ ಒಳಗಿಂದಲೇ ಕಳಿಸುತ್ತೀರಿ. ಅದು ಒಂದು ಕೋಡ್ ಕೊಡುತ್ತದೆ. ಫೋರ್ಟ್‌ನೈಟ್‌ನ ದ್ವೀಪಗಳಿಗೆ 12 ಅಂಕಿಯ ಕೋಡ್, ಸೂಪರ್ ಮಾರಿಯೋ ಮೇಕರ್ 2ರ ಕೋರ್ಸ್‌ಗಳಿಗೆ 9 ಅಕ್ಷರದ ಕೋಡ್. ಇಲ್ಲಿ ಫೈಲ್, ಫೋಲ್ಡರ್ ತಲೆನೋವೇ ಇಲ್ಲ. ಆದರೆ ಮ್ಯಾಪ್ ಆ ಕಂಪನಿಯ ಸರ್ವರ್‌ನಲ್ಲಿ ಮಾತ್ರ ಬದುಕಿರುತ್ತದೆ. ಸರ್ವರ್ ನಿಂತರೆ ಮ್ಯಾಪ್ ಕೂಡ ಹೋಯಿತು.

ಎರಡನೆಯದು ವರ್ಕ್‌ಶಾಪ್. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ವರ್ಕ್‌ಶಾಪ್ 2011ರಲ್ಲಿ ಟೀಮ್ ಫೋರ್ಟ್ರೆಸ್ 2 ಗೇಮ್‌ಗಾಗಿ ಶುರುವಾಯಿತು. ಮುಂದಿನ ವರ್ಷ ಪೋರ್ಟಲ್ 2ರ ಆಟಗಾರರು ಗೇಮ್ ಒಳಗೇ ಪರೀಕ್ಷಾ ಕೋಣೆಗಳನ್ನು ಕಟ್ಟಿ ಅಲ್ಲಿಗೆ ಕಳಿಸುವಂತಾಯಿತು. ಆಟಗಾರ 'ಸಬ್‌ಸ್ಕ್ರೈಬ್' ಒತ್ತಿದರೆ ಸಾಕು, ಮ್ಯಾಪ್ ತಾನೇ ಇಳಿಯುತ್ತದೆ, ನೀವು ಅಪ್‌ಡೇಟ್ ಮಾಡಿದರೆ ತಾನೇ ಅಪ್‌ಡೇಟ್ ಆಗುತ್ತದೆ. ಹೊಸಬರಿಗೆ ಇದು ಸುಲಭದ ದಾರಿ.

ಮೂರನೆಯದು ಫೈಲನ್ನೇ ಕೈಯಾರೆ ಕೊಡುವುದು. ಇದು ಎಲ್ಲಕ್ಕಿಂತ ಹಳೇ ದಾರಿ. 1993ರ ಡಿಸೆಂಬರ್‌ನಲ್ಲಿ ಡೂಮ್ ಬಂದಾಗ, ಅದರ ಮ್ಯಾಪ್, ಚಿತ್ರ, ಶಬ್ದ ಎಲ್ಲವೂ 'ವ್ಯಾಡ್' ಅನ್ನುವ ಬೇರೆ ಫೈಲ್‌ನಲ್ಲಿದ್ದವು. ಗೇಮ್‌ನ ಪ್ರೋಗ್ರಾಂ ಬೇರೆ, ಮ್ಯಾಪ್ ಬೇರೆ. ಹಾಗಾಗಿ ಗೇಮನ್ನು ಮುಟ್ಟದೆ ಮ್ಯಾಪ್ ಮಾತ್ರ ಬದಲಾಯಿಸಬಹುದಿತ್ತು. 1994ರ ಶುರುವಿನಲ್ಲೇ ಅಭಿಮಾನಿಗಳು ತಮ್ಮದೇ ಎಡಿಟರ್ ಬರೆದು ಮ್ಯಾಪ್ ಹಂಚತೊಡಗಿದರು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಇವತ್ತಿಗೂ ಇದೇ ಪದ್ಧತಿ: ವರ್ಲ್ಡ್ (ಅಲ್ಲಿ ಮ್ಯಾಪ್‌ಗೆ ಹೇಳುವ ಹೆಸರು) ಫೋಲ್ಡರನ್ನು ಜಿಪ್ ಮಾಡಿ ಪ್ಲಾನೆಟ್ ಮೈನ್‌ಕ್ರಾಫ್ಟ್, ಕರ್ಸ್‌ಫೋರ್ಜ್ ತರಹದ ತಾಣಗಳಿಗೆ ಹಾಕುತ್ತಾರೆ.

ಕೋಡ್ ದಾರಿಯವರು ಕೆಳಗಿನ ಫೈಲ್ ಕೆಲಸಗಳನ್ನು ದಾಟಿ ಹೋಗಬಹುದು. ಉಳಿದವರು ಜೊತೆಗೆ ಬನ್ನಿ.

ಹಂತ 2: ಮೂಲ ಫೈಲನ್ನು ಮುಟ್ಟಬೇಡಿ

ಹಂಚುವ ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ಮೈನ್‌ಕ್ರಾಫ್ಟ್ ಜಾವಾದಲ್ಲಿ ವರ್ಲ್ಡ್ ಆರಿಸಿ 'ಎಡಿಟ್' ಒತ್ತಿದರೆ 'ಮೇಕ್ ಬ್ಯಾಕಪ್' ಅಂತ ಬಟನ್ ಇದೆ. ಒತ್ತಿಬಿಡಿ.

ಸೋರ್ಸ್ ತರಹದ ಎಂಜಿನ್‌ಗಳಲ್ಲಿ ಎರಡು ಫೈಲ್ ಇರುತ್ತವೆ. ಹ್ಯಾಮರ್ ಎಡಿಟರ್‌ನಲ್ಲಿ ನೀವು ತಿದ್ದುವುದು ವಿಎಂಎಫ್. ಅದನ್ನು ಕಂಪೈಲ್ ಮಾಡಿದಾಗ (ಆಡುವ ರೂಪಕ್ಕೆ ತಿರುಗಿಸಿದಾಗ) ಸಿಗುವುದು ಬಿಎಸ್‌ಪಿ. ಹಂಚುವುದು ಬಿಎಸ್‌ಪಿ, ಜೋಪಾನವಾಗಿ ಇಡಬೇಕಾದ್ದು ವಿಎಂಎಫ್. ಬಿಎಸ್‌ಪಿ ಆಡಲು ಮಾತ್ರ. ಅದರಿಂದ ಮೂಲವನ್ನು ವಾಪಸ್ ತೆಗೆಯುವ ಟೂಲ್‌ಗಳಿವೆ, ಆದರೆ ಇಡ್ಲಿಯಿಂದ ಹಿಟ್ಟು ತೆಗೆದ ಹಾಗೆ. ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಹಂತ 3: ಮ್ಯಾಪನ್ನು ಶುಚಿ ಮಾಡಿ

ಇಲ್ಲಿ ಸ್ವಲ್ಪ ನಿಂತು ನೋಡೋಣ. ಮೈನ್‌ಕ್ರಾಫ್ಟ್ ಜಾವಾವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಯಾಕಂದ್ರೆ ಹೊಸಬರು ಜಾಸ್ತಿ ಇರುವುದು ಅಲ್ಲೇ.

ನೀವು ಒಂದು ಪಜಲ್ ಮ್ಯಾಪ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಕೊನೆಯ ದಿನ ಕ್ರಿಯೇಟಿವ್ ಮೋಡ್‌ನಲ್ಲಿ (ಹಾರುತ್ತ, ಬೇಕಾದ್ದನ್ನೆಲ್ಲ ಕಟ್ಟಬಹುದಾದ ಬಗೆ) ಹಾರಾಡುತ್ತ ಕೊನೇ ಕೋಣೆಯ ದೀಪ ಸರಿ ಮಾಡಿ, ಅಲ್ಲೇ ಸೇವ್ ಮಾಡಿ ಹೊರಬಂದಿರಿ. ಹಾಗೇ ಜಿಪ್ ಮಾಡಿ ಹಂಚಿದಿರಿ. ಆಟಗಾರ ಅದನ್ನು ಒಬ್ಬನೇ ಆಡಲು ತೆರೆದರೆ ಎಲ್ಲಿ ಇರುತ್ತಾನೆ ಗೊತ್ತಾ? ಕೊನೇ ಕೋಣೆಯಲ್ಲಿ. ಕ್ರಿಯೇಟಿವ್ ಮೋಡ್‌ನಲ್ಲಿ. ನಿಮ್ಮ ಕೈಚೀಲದ ಸಾಮಾನಿನ ಸಮೇತ! ಒಬ್ಬರೇ ಆಡುವ ವರ್ಲ್ಡ್ ತನ್ನ ಆಟಗಾರನ ಜಾಗ, ಸಾಮಾನು, ಮೋಡ್ ಎಲ್ಲವನ್ನೂ ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ತೆರೆದವರು ಯಾರೇ ಆಗಲಿ, ನೀವು ನಿಂತಲ್ಲಿಂದ ಮುಂದುವರಿಯುತ್ತಾರೆ.

ಅದಕ್ಕೆ ಕೊನೆಯ ಸಲ ಹೊರಬರುವ ಮುಂಚೆ ಇಷ್ಟು ಮಾಡಿ. ಶುರುವಿನ ಜಾಗಕ್ಕೆ ಹೋಗಿ ನಿಲ್ಲಿ. ಆಟಗಾರ ಮೊದಲು ಏನು ನೋಡಬೇಕೋ ಆ ಕಡೆಗೆ ಮುಖ ಮಾಡಿ. ಇದನ್ನು ಸುಮಾರು ಜನ ಮರೆಯುತ್ತಾರೆ. ಗೋಡೆ ನೋಡಿಕೊಂಡು ಶುರುವಾಗುವ ಆಟ ಯಾರಿಗೂ ಹಿಡಿಸುವುದಿಲ್ಲ. ವರ್ಲ್ಡ್ ಸ್ಪಾನ್ ಕೂಡ ಅಲ್ಲೇ ಇಡಿ. ಇಲ್ಲದಿದ್ದರೆ ಮೊದಲ ಸಲ ಸತ್ತ ಆಟಗಾರ ಎಲ್ಲೋ ಕಾಡಿನಲ್ಲಿ ಎದ್ದು ಕೂರುತ್ತಾನೆ. ಕೈಚೀಲ ಖಾಲಿ ಮಾಡಿ. ಮ್ಯಾಪನ್ನು ಒಡೆಯಬಾರದು ಅಂತಿದ್ದರೆ ಅಡ್ವೆಂಚರ್ ಮೋಡ್‌ಗೆ ಬದಲಾಯಿಸಿ. ಹಗಲು-ರಾತ್ರಿ ತಿರುಗಬೇಕಾ, ರಾಕ್ಷಸರು ಹುಟ್ಟಬೇಕಾ, ಸತ್ತರೆ ಸಾಮಾನು ಉಳಿಯಬೇಕಾ ಅನ್ನುವ ಗೇಮ್‌ರೂಲ್‌ಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಕಮಾಂಡ್ ಬ್ಲಾಕ್ (ಕೊಟ್ಟ ಆದೇಶವನ್ನು ತಾನೇ ನಡೆಸುವ ಬ್ಲಾಕ್) ಬಳಸಿದ್ದರೆ ಅದು ಚಾಟ್‌ನಲ್ಲಿ ಒದರುವುದನ್ನು ನಿಲ್ಲಿಸಿ.

ಇದರಲ್ಲಿ ಕೆಲವಕ್ಕೆ ಕಮಾಂಡ್ (ಚಾಟ್‌ನಲ್ಲಿ ಟೈಪ್ ಮಾಡುವ ಆದೇಶ) ಬೇಕು. ಮೋಡ್ ಬದಲಾಯಿಸುವ ಕಮಾಂಡನ್ನು ಎಲ್ಲಕ್ಕಿಂತ ಕೊನೆಗೆ ಕೊಡಿ.

ಆಮೇಲೆ ಫೋಲ್ಡರ್ ತೆರೆಯಿರಿ. 'ಪ್ಲೇಯರ್‌ಡೇಟಾ', 'ಸ್ಟ್ಯಾಟ್ಸ್', 'ಅಡ್ವಾನ್ಸ್‌ಮೆಂಟ್ಸ್' ಅಂತ ಫೋಲ್ಡರ್‌ಗಳು ಕಾಣಬಹುದು. ಇವು ನಿಮ್ಮ ಮತ್ತು ನಿಮ್ಮ ಜೊತೆ ಆಡಿದ ಗೆಳೆಯರ ಲೆಕ್ಕಪತ್ರ. ಮ್ಯಾಪ್‌ಗೆ ಬೇಕಾಗಿಲ್ಲ, ನಕಲಿನಿಂದ ತೆಗೆದು ಒಮ್ಮೆ ತೆರೆದು ನೋಡಿ. 'ಲೆವೆಲ್' ಅನ್ನುವ ಡ್ಯಾಟ್ ಫೈಲ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಅದಿಲ್ಲದಿದ್ದರೆ ಗೇಮ್‌ಗೆ ಅದು ವರ್ಲ್ಡ್ ಅಂತಲೇ ಗೊತ್ತಾಗುವುದಿಲ್ಲ.

ಇನ್ನು ಗಾತ್ರ. 'ನನ್ನ ಮ್ಯಾಪ್ ಒಂದು ಸಣ್ಣ ಮನೆ, ಫೈಲ್ ಯಾಕೆ 400 ಎಂಬಿ?' ಅಂತ ಕೇಳುವವರು ಬಹಳ. ಕಾರಣ ಸುಲಭ. ನೀವು ಹಾರಾಡಿ ನೋಡಿದ ಬೆಟ್ಟ, ಸಮುದ್ರ ಎಲ್ಲವೂ ಸೇವ್ ಆಗಿರುತ್ತದೆ. ಮೈನ್‌ಕ್ರಾಫ್ಟ್ ಜಾವಾ ಜಗತ್ತನ್ನು 512 ಗುಣಿಸು 512 ಬ್ಲಾಕ್‌ನ ರೀಜನ್‌ಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಫೈಲ್ ಇಡುತ್ತದೆ. ಎಂಸಿಎ ಸೆಲೆಕ್ಟರ್ ಅನ್ನುವ ಉಚಿತ ಟೂಲ್‌ನಲ್ಲಿ ವರ್ಲ್ಡ್ ತೆರೆದರೆ ಮೇಲಿನಿಂದ ನಕ್ಷೆಯ ಹಾಗೆ ಕಾಣುತ್ತದೆ. ಬೇಡದ ಜಾಗ ಆರಿಸಿ ಅಳಿಸಬಹುದು. ಮ್ಯಾಪ್‌ನ ಸುತ್ತ ಕಣ್ಣಿಗೆ ಕಾಣುವಷ್ಟು ದೂರ ಬಿಟ್ಟು ಅಳಿಸಿ. ಅಂಚಿಗೇ ಕತ್ತರಿ ಹಾಕಿದರೆ ಆ ಜಾಗದಲ್ಲಿ ಹೊಸ ನೆಲ ಹುಟ್ಟಿ, ಕೆಲವೊಮ್ಮೆ ನಿಮ್ಮ ಕೋಟೆಯ ಪಕ್ಕದಲ್ಲೇ ವಿಚಿತ್ರವಾಗಿ ಗುಡ್ಡ ಎದ್ದು ನಿಲ್ಲುತ್ತದೆ.

ಮೈನ್‌ಕ್ರಾಫ್ಟ್‌ನ ಇನ್ನೊಂದು ರೂಪವಾದ ಬೆಡ್‌ರಾಕ್ ಆವೃತ್ತಿಯವರಿಗೆ ಕೆಲಸ ಕಡಿಮೆ. ವರ್ಲ್ಡ್ ಸೆಟ್ಟಿಂಗ್‌ನಲ್ಲಿ 'ಎಕ್ಸ್‌ಪೋರ್ಟ್' ಕೊಟ್ಟರೆ ಎಂಸಿವರ್ಲ್ಡ್ ಫೈಲ್ ಸಿಗುತ್ತದೆ. ಒತ್ತಿದರೆ ಗೇಮ್ ತೆರೆದುಕೊಳ್ಳುತ್ತದೆ. ಆದರೆ ಜಾವಾ ವರ್ಲ್ಡ್ ಬೆಡ್‌ರಾಕ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ, ಬೆಡ್‌ರಾಕ್‌ನದ್ದು ಜಾವಾದಲ್ಲೂ ಅಷ್ಟೆ. ನಿಮ್ಮದು ಯಾವುದು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಹಂತ 4: ಬೇಕಾದ್ದೆಲ್ಲ ಜೊತೆಗಿದೆಯಾ?

ನನ್ನ ನೇರಳೆ ಗೋಡೆಯ ಹಂತ ಇದು. ಒಂದು ಪಟ್ಟಿ ಬರೆಯಿರಿ: ಗೇಮ್‌ನ ಜೊತೆ ಬರದೆ, ನಾನು ಹೊರಗಿನಿಂದ ತಂದದ್ದು ಏನೇನು? ಟೆಕ್ಸ್ಚರ್, ಮಾಡೆಲ್, ಶಬ್ದ, ಮಾಡ್ (ಗೇಮನ್ನು ಬದಲಾಯಿಸುವ ಹೊರಗಿನ ಫೈಲ್), ಪ್ಲಗಿನ್, ಗೇಮ್‌ನ ಹೆಚ್ಚುವರಿ ಡಿಎಲ್‌ಸಿ (ಬೇರೆಯಾಗಿ ಇಳಿಸಿಕೊಳ್ಳುವ ಭಾಗ). ಪ್ರತಿಯೊಂದಕ್ಕೂ ಎರಡರಲ್ಲಿ ಒಂದು ದಾರಿ. ಮ್ಯಾಪ್ ಜೊತೆಗೇ ಕಟ್ಟಿ ಕೊಡಿ, ಇಲ್ಲವೇ 'ಇದು ಬೇಕು' ಅಂತ ಸ್ಪಷ್ಟವಾಗಿ ಹೇಳಿ.

ಕಟ್ಟಿ ಕೊಡುವುದೇ ಮೇಲು. ಸೋರ್ಸ್ ಮ್ಯಾಪ್‌ಗಳಲ್ಲಿ ಬಿಎಸ್‌ಪಿ ಫೈಲ್‌ನ ಹೊಟ್ಟೆಯೊಳಗೇ ಟೆಕ್ಸ್ಚರ್, ಮಾಡೆಲ್ ತುಂಬಬಹುದು. ಬಿಎಸ್‌ಪಿ-ಜಿಪ್, ವೈಡ್ ತರಹದ ಟೂಲ್‌ಗಳು ಇದಕ್ಕೇ ಇರುವುದು. ಮೈನ್‌ಕ್ರಾಫ್ಟ್ ಜಾವಾದಲ್ಲಿ ರಿಸೋರ್ಸ್ ಪ್ಯಾಕನ್ನು (ಟೆಕ್ಸ್ಚರ್, ಶಬ್ದಗಳ ಕಟ್ಟು) 'ರಿಸೋರ್ಸಸ್' ಅನ್ನುವ ಹೆಸರಿನ ಜಿಪ್ ಮಾಡಿ ವರ್ಲ್ಡ್ ಫೋಲ್ಡರ್ ಒಳಗೆ ಇಟ್ಟರೆ, ಒಬ್ಬರೇ ಆಡುವಾಗ ಅದು ತಾನಾಗಿ ಲೋಡ್ ಆಗುತ್ತದೆ. ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಬಹುವಚನದಲ್ಲೇ ಇರಬೇಕು. ಒಂದಕ್ಷರ ತಪ್ಪಿದರೂ ಸುಮ್ನೆ ಇರುತ್ತದೆ, ಎಚ್ಚರಿಕೆ ಕೂಡ ಕೊಡುವುದಿಲ್ಲ.

ಸರಿಯಾಗಿ ಕಟ್ಟಿದ್ದೀರಾ ಅಂತ ನೋಡುವ ಉಪಾಯ ಒಂದೇ. ನಿಮ್ಮ ಟೆಕ್ಸ್ಚರ್ ಫೋಲ್ಡರ್‌ನ ಹೆಸರು ಬದಲಾಯಿಸಿ, ಆಮೇಲೆ ಮ್ಯಾಪ್ ತೆರೆಯಿರಿ. ನೇರಳೆ ಬಂದರೆ ಕಟ್ಟಿಲ್ಲ ಅಂತ ಅರ್ಥ. ಎರಡು ನಿಮಿಷದ ಕೆಲಸ ಇದು. ನಾನು ಅದನ್ನು ಮಾಡಿರಲಿಲ್ಲ.

ಹಂತ 5: ಬೇರೆಯವರ ಕೈಗೆ ಕೊಟ್ಟು ಸುಮ್ಮನೆ ನೋಡಿ

ಸೂಪರ್ ಮಾರಿಯೋ ಮೇಕರ್‌ನಲ್ಲಿ ಒಂದು ಒಳ್ಳೇ ನಿಯಮ ಇದೆ. ಕೋರ್ಸ್ ಅಪ್‌ಲೋಡ್ ಮಾಡಬೇಕಾದರೆ ಮೊದಲು ನೀವೇ ಅದನ್ನು ಆಡಿ ಮುಗಿಸಬೇಕು. ಮುಗಿಸಲಾಗದ ಕೋರ್ಸನ್ನು ಗೇಮ್ ತೆಗೆದುಕೊಳ್ಳುವುದೇ ಇಲ್ಲ. ನಿಮ್ಮ ಗೇಮ್‌ನಲ್ಲಿ ಈ ನಿಯಮ ಇಲ್ಲದಿದ್ದರೂ ನೀವೇ ಹಾಕಿಕೊಳ್ಳಿ: ಚೀಟ್ ಇಲ್ಲದೆ, ಹಾರದೆ, ಶುರುವಿನಿಂದ ಕೊನೆಯವರೆಗೆ ಒಂದು ಸಲ.

ಆದರೆ ಅಷ್ಟೇ ಸಾಲದು. ನೀವು ಕಟ್ಟಿದ ಮನೆಯಲ್ಲಿ ಕತ್ತಲಲ್ಲೂ ನೀವು ಎಡವುವುದಿಲ್ಲ, ಅಲ್ವಾ? ಮ್ಯಾಪ್ ನೋಡಿಯೇ ಇರದ ಒಬ್ಬರಿಗೆ ಕೊಡಿ. ಅವರ ಪಕ್ಕದಲ್ಲಿ ಕೂರಿ, ಇಲ್ಲವೇ ಸ್ಕ್ರೀನ್ ಶೇರ್ ಮಾಡಿಸಿ. ಬಾಯಿ ಮುಚ್ಚಿಕೊಳ್ಳಿ. ಇದೇ ಕಷ್ಟದ ಭಾಗ.

ಗೋದಾಮಿನ ಎರಡನೇ ಆವೃತ್ತಿಯನ್ನು ನನ್ನ ತಂಗಿಗೆ ಕೊಟ್ಟೆ. ಒಂದು ಬಾಗಿಲಿಗೆ ಹಸಿರು ದೀಪ ಹಾಕಿದ್ದೆ. ಹಸಿರು ಅಂದರೆ 'ಇಲ್ಲಿ ಬಾ' ಅಂತ ನನ್ನ ಲೆಕ್ಕ. ಅವಳು ಆ ಬಾಗಿಲಿನ ಮುಂದೆ ನಾಲ್ಕು ಸಲ ಹಾದು ಹೋದಳು. ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ. ಕೊನೆಗೆ ಕೇಳಿದೆ, "ಆ ಹಸಿರು ಬಾಗಿಲು ಕಾಣಲಿಲ್ವೇನೇ?" ಅವಳು, "ಕಾಣ್ತು ಕಣೋ. ಪಕ್ಕದಲ್ಲಿ ಅಷ್ಟು ಡಬ್ಬ ಜೋಡ್ಸಿದ್ದೀಯ. ಅದು ಮುಚ್ಚಿರೋ ಬಾಗಿಲು ಅಂದ್ಕೊಂಡೆ" ಅಂದಳು. ಡಬ್ಬಗಳು ಅಲಂಕಾರಕ್ಕೆ ಇಟ್ಟದ್ದು. ತೆಗೆದೆ. ಮುಂದೆ ಆಡಿದ ಮೂವರೂ ನೇರ ಆ ಬಾಗಿಲಿಗೇ ಹೋದರು.

ಅವರು ಎಲ್ಲಿ ನಿಂತರು, ಎಲ್ಲಿ ವಾಪಸ್ ಬಂದರು, ಎಲ್ಲಿ ಬೇಜಾರಾಯಿತು ಅನ್ನುವುದನ್ನು ಬರೆದುಕೊಳ್ಳಿ. "ಹೇಗಿತ್ತು?" ಅಂತ ಕೇಳಬೇಡಿ. ಗೆಳೆಯರು "ಸಕತ್" ಅಂತಾರೆ, ಮುಗೀತು. "ಎರಡನೇ ಕೋಣೆಯಲ್ಲಿ ಏನು ಮಾಡಬೇಕು ಅಂದ್ಕೊಂಡ್ರಿ?" ಅಂತ ಕೇಳಿ.

ತಂಡಗಳ ನಡುವಿನ ಆಟದ ಮ್ಯಾಪ್ ಆದರೆ ಒಬ್ಬಿಬ್ಬರಿಂದ ಏನೂ ಗೊತ್ತಾಗುವುದಿಲ್ಲ. ಪೂರ್ತಿ ತಂಡ ಬೇಕು. ಎರಡೂ ಕಡೆಯವರು ನಡುವಿನ ಜಾಗಕ್ಕೆ ಓಡಿ ತಲುಪಲು ಎಷ್ಟು ಸೆಕೆಂಡ್ ಬೇಕು ಅಂತ ಗಡಿಯಾರ ಹಿಡಿದು ಅಳೆಯಿರಿ. ಒಂದೆರಡು ಸೆಕೆಂಡಿನ ವ್ಯತ್ಯಾಸಕ್ಕೇ ಒಂದು ಕಡೆಯವರು ಸೋಲುತ್ತಲೇ ಇರುವ ಮ್ಯಾಪ್‌ಗಳನ್ನು ನೋಡಿದ್ದೇನೆ.

ಹಂತ 6: ಹೆಸರು ಮತ್ತು ಆವೃತ್ತಿ ಸಂಖ್ಯೆ

ಫೈಲ್‌ನ ಹೆಸರಿನಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಇರಲಿ. ಖಾಲಿ ಜಾಗ ಬೇಡ. ಕನ್ನಡ ಅಕ್ಷರವೂ ಫೈಲ್ ಹೆಸರಿನಲ್ಲಿ ಬೇಡ, ಎಷ್ಟೇ ಆಸೆಯಿದ್ದರೂ. ಎಷ್ಟೋ ಹಳೇ ಎಂಜಿನ್‌ಗಳಿಗೆ ಅದು ಜೀರ್ಣವಾಗುವುದಿಲ್ಲ. ಮ್ಯಾಪ್‌ನ ಶೀರ್ಷಿಕೆ, ವಿವರಣೆಯನ್ನು ಕನ್ನಡದಲ್ಲಿ ಧಾರಾಳವಾಗಿ ಕೊಡಿ. ಸಣ್ಣಕ್ಷರ ಯಾಕೆ ಅಂದ್ರೆ, ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಲಿನಕ್ಸ್ ಸರ್ವರ್‌ಗಳು ಬಹಳ. ನಿಮ್ಮಲ್ಲಿ ನಡೆದದ್ದು ಅಲ್ಲಿ 'ಫೈಲ್ ಇಲ್ಲ' ಅನ್ನುತ್ತದೆ.

ಗೇಮ್‌ನ ರೂಢಿ ಗಮನಿಸಿ. ಕೌಂಟರ್-ಸ್ಟ್ರೈಕ್‌ನಲ್ಲಿ ಬಾಂಬ್ ಮ್ಯಾಪ್‌ಗಳ ಹೆಸರು 'ಡಿಇ' ಅಂತ ಶುರುವಾಗುತ್ತದೆ, ಒತ್ತೆಯಾಳು ಬಿಡಿಸುವ ಮ್ಯಾಪ್‌ಗಳದ್ದು 'ಸಿಎಸ್' ಅಂತ. ಹೆಸರು ನೋಡಿದ ತಕ್ಷಣ ಆಟ ಯಾವುದು ಅಂತ ಗೊತ್ತಾಗುತ್ತದೆ.

ಮುಖ್ಯ ಮಾತು ಈಗ. ಮ್ಯಾಪ್ ಒಂಚೂರು ಬದಲಾದರೂ ಫೈಲ್ ಹೆಸರಿನ ಕೊನೆಯ ಸಂಖ್ಯೆ ಬದಲಾಯಿಸಿ. ಮೊದಲ ಕಚ್ಚಾ ರೂಪಕ್ಕೆ ಎ1, ಎ2. ಆಡಲು ಬರುವಂತಾದ ಮೇಲೆ ಬಿ1, ಬಿ2. ಬಹುತೇಕ ಮುಗಿದದ್ದಕ್ಕೆ ಆರ್‌ಸಿ1. ಟೀಮ್ ಫೋರ್ಟ್ರೆಸ್ 2ರ ಮ್ಯಾಪ್ ಮಾಡುವವರಲ್ಲಿ ಇದು ಬೇರೂರಿದ ಪದ್ಧತಿ. ಕಾರಣವೂ ಗಟ್ಟಿಯಾದದ್ದು. ಸರ್ವರ್‌ನಲ್ಲಿ ಹೊಸ ಫೈಲ್ ಇದೆ, ಆಟಗಾರನ ಹತ್ತಿರ ಅದೇ ಹೆಸರಿನ ಹಳೇದಿದೆ ಅಂತಿಟ್ಟುಕೊಳ್ಳಿ. 'ನಿಮ್ಮ ಮ್ಯಾಪ್ ಸರ್ವರ್‌ನ ಮ್ಯಾಪ್‌ಗಿಂತ ಬೇರೆ ಇದೆ' ಅಂತ ಹೇಳಿ ಗೇಮ್ ಅವನನ್ನು ಹೊರಗೆ ಹಾಕುತ್ತದೆ. ಅವನು ಹಳೇ ಫೈಲ್ ಹುಡುಕಿ ಅಳಿಸುವವರೆಗೆ ಒಳಗೆ ಬರಲಾರ. ಹೆಚ್ಚಿನವರು ಹುಡುಕುವುದಿಲ್ಲ, ಬೇರೆ ಸರ್ವರ್‌ಗೆ ಹೋಗುತ್ತಾರೆ.

'ಫೈನಲ್' ಅಂತ ಮಾತ್ರ ಹೆಸರಿಡಬೇಡಿ. ನನ್ನ ಹತ್ತಿರ 'ಫೈನಲ್', 'ಫೈನಲ್2', 'ನಿಜವಾದ ಫೈನಲ್' ಮೂರೂ ಇವೆ.

ಹಂತ 7: ಜಿಪ್ ಕಟ್ಟುವುದು

ಸುಲಭ ಅನಿಸುತ್ತದೆ. ಇಲ್ಲೇ ಜನ ಎಡವುವುದು.

ಮೈನ್‌ಕ್ರಾಫ್ಟ್ ವರ್ಲ್ಡ್ ಫೋಲ್ಡರ್‌ನ ಹೆಸರು 'ಕೋಟೆ' ಅಂತಿಟ್ಟುಕೊಳ್ಳೋಣ. ನೀವು ಅದನ್ನು ಇನ್ನೊಂದು 'ಕೋಟೆ' ಫೋಲ್ಡರ್‌ನಲ್ಲಿ ಹಾಕಿ ಜಿಪ್ ಮಾಡುತ್ತೀರಿ. ಆಟಗಾರನ ವಿಂಡೋಸ್ ಅದನ್ನು ಬಿಚ್ಚುವಾಗ ಜಿಪ್‌ನ ಹೆಸರಿನಲ್ಲಿ ಮತ್ತೊಂದು ಫೋಲ್ಡರ್ ಮಾಡುತ್ತದೆ. ಈಗ ಕೋಟೆಯೊಳಗೆ ಕೋಟೆಯೊಳಗೆ ಕೋಟೆ. ಗೇಮ್ ವರ್ಲ್ಡ್‌ಗಳನ್ನು ಇಡುವ 'ಸೇವ್ಸ್' ಫೋಲ್ಡರ್‌ನ ಮೊದಲ ಮೆಟ್ಟಿಲಲ್ಲಿ ಮಾತ್ರ ಹುಡುಕುತ್ತದೆ. ಅಲ್ಲಿ ಲೆವೆಲ್ ಫೈಲ್ ಕಾಣಲಿಲ್ಲ ಅಂದರೆ ಪಟ್ಟಿಯಲ್ಲಿ ವರ್ಲ್ಡ್ ಬರುವುದೇ ಇಲ್ಲ. ಆಟಗಾರ 'ಮ್ಯಾಪ್ ಕೆಲಸ ಮಾಡಲ್ಲ' ಅಂತ ಬರೆದು ಹೋಗುತ್ತಾನೆ.

ಜಿಪ್ ತೆರೆದರೆ ಒಂದೇ ಫೋಲ್ಡರ್ ಕಾಣಬೇಕು, ಅದನ್ನು ತೆರೆದರೆ ನೇರ ಲೆವೆಲ್ ಫೈಲ್ ಕಾಣಬೇಕು. ವಿವರಣೆಯಲ್ಲೂ ಇದೇ ಮಾತು ಹೇಳಿ: 'ಲೆವೆಲ್ ಫೈಲ್ ಇರುವ ಫೋಲ್ಡರನ್ನೇ ಸೇವ್ಸ್‌ನಲ್ಲಿ ಹಾಕಿ.' ಗೇಮ್ ಮುಚ್ಚಿದ ಮೇಲೆಯೇ ಜಿಪ್ ಮಾಡಿ. ಓಡುತ್ತಿರುವಾಗ ಮಾಡಿದರೆ ಅರ್ಧ ಬರೆದ ಫೈಲ್ ಸೇರಿಕೊಳ್ಳಬಹುದು.

ಆರ್‌ಎಆರ್, 7ಝಡ್ ಚಿಕ್ಕದಾಗುತ್ತದೆ ನಿಜ. ಆದರೂ ಜಿಪ್ ಸಾಕು. ಎಲ್ಲ ಕಂಪ್ಯೂಟರ್‌ನಲ್ಲೂ ಬೇರೆ ಸಾಫ್ಟ್‌ವೇರ್ ಇಲ್ಲದೆ ತೆರೆಯುತ್ತದೆ. ಇಎಕ್ಸ್‌ಇ ಫೈಲ್ ರೂಪದಲ್ಲಿ ಮ್ಯಾಪ್ ಹಂಚುವ ಯೋಚನೆ ಬಂದರೆ ಅಲ್ಲೇ ಬಿಡಿ. ವೈರಸ್ ಹರಡುವವರು ಮಾಡುವ ಕೆಲಸ ಅದು. ನಿಮ್ಮನ್ನು ಯಾಕೆ ನಂಬಬೇಕು?

ಹಂತ 8: ಯಾರದ್ದು ಏನು?

ಬೇಸರದ ವಿಷಯ, ಆದರೆ ಬಿಡುವಂತಿಲ್ಲ. ನೀವು ಬಳಸಿದ ಹಾಡು ಯಾರದ್ದು? ಟೆಕ್ಸ್ಚರ್ ಯಾರದ್ದು? 'ಇಂಟರ್ನೆಟ್‌ನಲ್ಲಿ ಸಿಕ್ಕಿತು' ಅನ್ನುವುದು ಅನುಮತಿ ಅಲ್ಲ. ಕ್ರಿಯೇಟಿವ್ ಕಾಮನ್ಸ್ ಗುರುತು ಇದ್ದರೆ ಅದರ ಅಕ್ಷರ ನೋಡಿ. 'ಬಿವೈ' ಅಂದರೆ ಹೆಸರು ಹಾಕಬೇಕು. 'ಎನ್‌ಸಿ' ಅಂದರೆ ದುಡ್ಡಿನ ಉದ್ದೇಶಕ್ಕೆ ಬಳಸುವಂತಿಲ್ಲ. 'ಎಸ್‌ಎ' ಅಂದರೆ ನೀವು ಬದಲಾಯಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. 'ಎನ್‌ಡಿ' ಅಂದರೆ ಬದಲಾಯಿಸಿ ಹಂಚುವಂತಿಲ್ಲ. ಗೊತ್ತಾಗದಿದ್ದರೆ ಮಾಡಿದವರನ್ನೇ ಕೇಳಿ. ಕೇಳಿದರೆ ಸಾಮಾನ್ಯವಾಗಿ ಖುಷಿಯಿಂದ ಕೊಡುತ್ತಾರೆ.

ಇನ್ನು ಗೇಮ್ ಕಂಪನಿಯ ಷರತ್ತು. ಇದನ್ನು ಓದುವವರು ಕಡಿಮೆ. ವಾರ್‌ಕ್ರಾಫ್ಟ್ 3ರ ಒಂದು ಕಸ್ಟಮ್ ಮ್ಯಾಪ್ ಆಗಿ ಹುಟ್ಟಿದ ಡೋಟಾ ಮುಂದೆ ಒಂದು ಹೊಸ ಬಗೆಯ ಆಟಕ್ಕೇ ದಾರಿ ಮಾಡಿತು. ವಾರ್‌ಕ್ರಾಫ್ಟ್ 3 ಗೇಮ್ 2020ರಲ್ಲಿ ಹೊಸ ರೂಪದಲ್ಲಿ ಬಂದಾಗ, ಅದರಲ್ಲಿ ಮಾಡಿದ ಕಸ್ಟಮ್ ಗೇಮ್‌ಗಳ ಒಡೆತನ ಬ್ಲಿಝಾರ್ಡ್ ಕಂಪನಿಯದೇ ಅನ್ನುವ ನಿಯಮ ಬಂತು. ಮ್ಯಾಪ್ ಮಾಡುವವರಲ್ಲಿ ದೊಡ್ಡ ಗಲಾಟೆಯೇ ಆಯಿತು. ನಿಮ್ಮ ಮ್ಯಾಪ್‌ನಿಂದ ದುಡ್ಡು ಮಾಡುವ ಯೋಚನೆ ಇದ್ದರಂತೂ ಈ ಷರತ್ತು ಮೊದಲು ಓದಿ, ಆಮೇಲೆ ಮೊದಲ ಇಟ್ಟಿಗೆ ಇಡಿ.

ನಿಮ್ಮ ಮ್ಯಾಪನ್ನು ಬೇರೆಯವರು ಬದಲಾಯಿಸಿ ಹಂಚಬಹುದಾ, ಇಲ್ಲವಾ ಅಂತ ನೀವೂ ಒಂದು ಸಾಲು ಬರೆಯಿರಿ. ಡೂಮ್ ಮ್ಯಾಪ್‌ಗಳ ಹಳೇ ಸಂಗ್ರಹಕ್ಕೆ ಮ್ಯಾಪ್ ಜೊತೆ ಒಂದು ಟೆಕ್ಸ್ಟ್ ಫೈಲನ್ನೂ ಕಳಿಸುವ ರೂಢಿ ಇದೆ. ಮಾಡಿದವರು ಯಾರು, ಎಷ್ಟು ಜನ ಆಡಬಹುದು, ಯಾವ ಎಡಿಟರ್ ಬಳಸಿದ್ದು, ಎಷ್ಟು ಕಾಲ ಹಿಡಿಯಿತು, ಗೊತ್ತಿರುವ ಬಗ್ ಏನು, ಇದನ್ನು ಆಧಾರವಾಗಿಟ್ಟುಕೊಂಡು ಬೇರೆಯವರು ಮ್ಯಾಪ್ ಮಾಡಬಹುದಾ ಅಂತ ಅದರಲ್ಲಿ ಸಾಲಾಗಿ ಇರುತ್ತದೆ. ಇವತ್ತಿಗೂ ಅದಕ್ಕಿಂತ ಒಳ್ಳೇ ನಮೂನೆ ನನಗೆ ಸಿಕ್ಕಿಲ್ಲ.

ಹಂತ 9: ಚಿತ್ರ, ವಿವರಣೆ

ಮೊದಲ ಚಿತ್ರ ನೋಡಿಯೇ ಜನ ಒತ್ತುವುದು. ಮ್ಯಾಪ್‌ನ ಒಂದೇ ಒಂದು ಚಂದದ ಜಾಗ ಆರಿಸಿ. ಪರದೆಯ ಮೇಲಿನ ಬಟನ್, ಚಾಟ್, ಕೈಯಲ್ಲಿರುವ ಬಂದೂಕು ಕಾಣಬಾರದು. ಮೈನ್‌ಕ್ರಾಫ್ಟ್ ಜಾವಾದಲ್ಲಿ ಎಫ್1 ಒತ್ತಿದರೆ ಅವೆಲ್ಲ ಮಾಯ, ಎಫ್2 ಒತ್ತಿದರೆ ಚಿತ್ರ ಸೇವ್. ಥಂಬ್‌ನೇಲ್ ಬೆರಳಿನ ಉಗುರಿನಷ್ಟು ಕಾಣುತ್ತದೆ ಅನ್ನುವುದು ನೆನಪಿರಲಿ. ಕತ್ತಲ ಮ್ಯಾಪ್ ಆದರೆ ಸ್ವಲ್ಪ ಬೆಳಕಿರುವ ಮೂಲೆ ಹುಡುಕಿ. ಬೇರೆ ಶೇಡರ್ (ಬೆಳಕು-ನೆರಳನ್ನು ಚಂದ ಮಾಡುವ ಸೇರ್ಪಡೆ) ಹಾಕಿ ತೆಗೆದ ಚಿತ್ರ ಕೊಟ್ಟರೆ ಹಾಗಂತ ಹೇಳಿ. ಇಲ್ಲದಿದ್ದರೆ ಇಳಿಸಿಕೊಂಡವರಿಗೆ ಮೋಸ ಅನಿಸುತ್ತದೆ.

ವಿವರಣೆ ಹೀಗಿರಲಿ:

"ಮಳೆಗಾಲದ ಕೋಟೆ, ಆವೃತ್ತಿ 1.0. ಮೈನ್‌ಕ್ರಾಫ್ಟ್ ಜಾವಾ 1.20.1. ಒಬ್ಬರಿಂದ ಇಬ್ಬರು ಆಡಬಹುದು. ಸುಮಾರು 40 ನಿಮಿಷ. ಪಾಳುಬಿದ್ದ ಕೋಟೆಯೊಳಗೆ ನೀರು ಏರುತ್ತಿದೆ, ಮೇಲಿನ ಗೋಪುರ ತಲುಪಬೇಕು. ಹೊಡೆದಾಟ ಇಲ್ಲ, ಪಜಲ್ ಮಾತ್ರ. ಮಾಡ್ ಬೇಡ. ಶಬ್ದ ಆನ್ ಇರಲಿ, ಒಂದು ಪಜಲ್‌ಗೆ ಬೇಕು. ಮೂರನೇ ಕೋಣೆಯಲ್ಲಿ ಮಿಂಚು ಜೋರಾಗಿ ಹೊಳೆಯುತ್ತದೆ. ಗೊತ್ತಿರುವ ತೊಂದರೆ: ಇಬ್ಬರು ಆಡುವಾಗ ಸೇತುವೆ ಕೆಲವೊಮ್ಮೆ ತೆರೆಯುವುದಿಲ್ಲ, ಹೊರಬಂದು ಮತ್ತೆ ಸೇರಿದರೆ ಸರಿಹೋಗುತ್ತದೆ."

ಅಷ್ಟೇ. 'ಇದು ನನ್ನ ಮೊದಲ ಮ್ಯಾಪ್, ಚೆನ್ನಾಗಿಲ್ಲದಿದ್ದರೆ ಕ್ಷಮಿಸಿ' ಅನ್ನುವ ಸಾಲು ಬೇಡ. 'ಜಗತ್ತಿನ ಅತ್ಯುತ್ತಮ' ಅನ್ನುವುದಂತೂ ಬೇಡವೇ ಬೇಡ. ಗೇಮ್‌ನ ಆವೃತ್ತಿ ಸಂಖ್ಯೆ ಮಾತ್ರ ಮರೆಯುವಂತಿಲ್ಲ. ಹಳೇ ವರ್ಲ್ಡನ್ನು ಹೊಸ ಮೈನ್‌ಕ್ರಾಫ್ಟ್‌ನಲ್ಲಿ ತೆರೆದರೆ ಅದು ಹೊಸದಕ್ಕೆ ಬದಲಾಗಿಬಿಡುತ್ತದೆ, ವಾಪಸ್ ಹೋಗಲು ಸರಿಯಾದ ದಾರಿ ಇಲ್ಲ. ರೆಡ್‌ಸ್ಟೋನ್ (ಗೇಮ್ ಒಳಗಿನ ವಿದ್ಯುತ್ ತಂತಿಯಂಥದ್ದು), ಕಮಾಂಡ್ ಇರುವ ಮ್ಯಾಪ್ ಆಗ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಹೇಳಲಾಗದು.

ಹಂತ 10: ಮೊದಲು ಗುಟ್ಟಾಗಿ ಹಾಕಿ

ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಮ್ಯಾಪ್ ಯಾರಿಗೆ ಕಾಣಬೇಕು ಅಂತ ಆರಿಸಬಹುದು: ಎಲ್ಲರಿಗೂ, ಗೆಳೆಯರಿಗೆ ಮಾತ್ರ, ಲಿಂಕ್ ಇದ್ದವರಿಗೆ ಮಾತ್ರ, ಯಾರಿಗೂ ಇಲ್ಲ. ಮೊದಲು ಮರೆಯಲ್ಲೇ ಇಡಿ. ವರ್ಕ್‌ಶಾಪ್ ಒಪ್ಪಂದಕ್ಕೆ ಒಪ್ಪಿಗೆ ಕೊಡದಿದ್ದರೆ 'ಎಲ್ಲರಿಗೂ' ಅಂತ ಕೊಟ್ಟರೂ ಬೇರೆಯವರಿಗೆ ಕಾಣುವುದಿಲ್ಲ. ತಲೆ ಕೆರೆದುಕೊಳ್ಳುವ ಮುಂಚೆ ಅದನ್ನು ನೋಡಿ.

ಈಗ ನೀವೇ ಆಟಗಾರನಾಗಿ. ನಿಮ್ಮ ಮೂಲ ಫೈಲ್‌ಗಳನ್ನು ಗೇಮ್ ಫೋಲ್ಡರ್‌ನಿಂದ ಆಚೆ ಸರಿಸಿ. ನೀವು ಹಾಕಿದ ಲಿಂಕ್‌ನಿಂದಲೇ ಇಳಿಸಿಕೊಂಡು, ನೀವು ಬರೆದ ಸೂಚನೆಯನ್ನೇ ಓದಿ, ಅದರಂತೆಯೇ ಹಾಕಿ ಆಡಿ. ಸಾಧ್ಯವಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ. ಎಲ್ಲ ಸರಿ ಇದ್ದರೆ ಆಗ ಎಲ್ಲರಿಗೂ ತೆರೆಯಿರಿ.

ಗೂಗಲ್ ಡ್ರೈವ್ ತರಹದ ಜಾಗದಲ್ಲಿ ಫೈಲ್ ಇಟ್ಟಿದ್ದರೆ 'ಲಿಂಕ್ ಇರುವ ಯಾರು ಬೇಕಾದರೂ' ಅಂತ ಅನುಮತಿ ಇದೆಯಾ ನೋಡಿ. ಲಾಗಿನ್ ಆಗದ ಬ್ರೌಸರ್ ಕಿಟಕಿಯಲ್ಲಿ ತೆರೆದರೆ ಗೊತ್ತಾಗುತ್ತದೆ. ಆ ಪುಟದಲ್ಲಿ ನಿಮ್ಮ ನಿಜವಾದ ಹೆಸರು, ಇಮೇಲ್ ಕಾಣಬಹುದು ಅನ್ನುವುದೂ ಗಮನದಲ್ಲಿರಲಿ. ಮ್ಯಾಪ್ ಹಂಚಲು ಬೇರೆ ಖಾತೆ ಇಟ್ಟುಕೊಳ್ಳುವುದು ಜಾಣತನ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ. ಹತ್ತು ಜಾಹೀರಾತು ದಾಟಿ ಹೋಗಬೇಕಾದ ಲಿಂಕ್‌ಗಳನ್ನು ಮಾತ್ರ ಬಳಸಬೇಡಿ. ಸಿಗುವುದು ಚಿಲ್ಲರೆ ಕಾಸು, ಹೋಗುವುದು ನಂಬಿಕೆ.

ಹಂತ 11: ಹಾಕಿದ ಮೇಲೆ

ಮೊದಲ ವಾರ ಯಾರೂ ಬರದಿರಬಹುದು. ಅದು ಮಾಮೂಲು. ಬಂದವರು ಬಗ್ ಹೇಳಿದರೆ ವಾದಕ್ಕೆ ಇಳಿಯಬೇಡಿ. ಗೇಮ್‌ನ ಆವೃತ್ತಿ ಯಾವುದು, ಯಾವ ಮಾಡ್ ಇದೆ, ಎಲ್ಲಿ ನಿಂತಾಗ ಆಯಿತು ಅಂತ ಕೇಳಿ. ಒಬ್ಬರೇ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮೂವರು ಒಂದೇ ಮಾತು ಹೇಳಿದರೆ ತಿದ್ದಿ. 'ಕಷ್ಟ ಇದೆ, ಸುಲಭ ಮಾಡಿ' ಅನ್ನುವವರಿಗೂ 'ಸುಲಭ ಇದೆ, ಕಷ್ಟ ಮಾಡಿ' ಅನ್ನುವವರಿಗೂ ಒಟ್ಟಿಗೆ ಕುಣಿಯಲು ಹೋಗಬೇಡಿ.

ದಿನಕ್ಕೊಂದು ಅಪ್‌ಡೇಟ್ ಬೇಡ. ವರ್ಕ್‌ಶಾಪ್‌ನಲ್ಲಿ ನೀವು ಒತ್ತಿದ ಅಪ್‌ಡೇಟ್ ಎಲ್ಲ ಸಬ್‌ಸ್ಕ್ರೈಬರ್‌ಗಳಿಗೂ ಹೋಗುತ್ತದೆ. ಅರ್ಧ ಆಟ ಸೇವ್ ಮಾಡಿ ಇಟ್ಟವರ ಆಟ ಅದರಿಂದ ಕೆಡಬಹುದು. ನಾಲ್ಕೈದು ತಿದ್ದುಪಡಿ ಸೇರಿದ ಮೇಲೆ ಒಮ್ಮೆ ಕೊಡಿ. ಏನು ಬದಲಾಯಿತು ಅಂತ ಎರಡು ಸಾಲು ಬರೆಯಿರಿ. 'ಬಗ್ ಸರಿಪಡಿಸಿದೆ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಎರಡನೇ ಕೋಣೆಯ ಲಿಫ್ಟ್ ಈಗ ಸಿಕ್ಕಿಕೊಳ್ಳುವುದಿಲ್ಲ' ಅಂತ ಬರೆಯಿರಿ.

ಯಾರಾದರೂ ನಿಮ್ಮ ಮ್ಯಾಪನ್ನು ತಮ್ಮ ಹೆಸರಿನಲ್ಲಿ ಹಾಕಿದರೆ? ಆಗುತ್ತದೆ. ಮೊದಲು ನಯವಾಗಿ ಕೇಳಿ. ಕೇಳದಿದ್ದರೆ ತಾಣದವರಿಗೆ ದೂರು ಕೊಡಿ. ಆಗ ನೀವು ಜೋಪಾನ ಮಾಡಿಟ್ಟ ಮೂಲ ಫೈಲ್, ಹಳೇ ಆವೃತ್ತಿಗಳು, ಕೆಲಸ ನಡೆಯುವಾಗ ತೆಗೆದ ಚಿತ್ರಗಳೇ ಸಾಕ್ಷಿ. ಕೆಲವರು ಮ್ಯಾಪ್‌ನ ಯಾವುದೋ ಗೋಡೆಯ ಹಿಂದೆ ತಮ್ಮ ಗುರುತು ಬಚ್ಚಿಟ್ಟಿರುತ್ತಾರೆ. ನನ್ನ ಗೋದಾಮಿನಲ್ಲೂ ಒಂದು ಇದೆ. ಎಲ್ಲಿ ಅಂತ ಹೇಳುವುದಿಲ್ಲ.

ಗೇಮ್ ಅಪ್‌ಡೇಟ್ ಆಗಿ ನಿಮ್ಮ ಮ್ಯಾಪ್ ಒಂದು ದಿನ ತೆರೆಯದೇ ಹೋಗಬಹುದು. ತಿದ್ದಲು ಪುರುಸೊತ್ತಿಲ್ಲದಿದ್ದರೆ ಅಳಿಸಬೇಡಿ. ವಿವರಣೆಯ ಮೊದಲ ಸಾಲಿನಲ್ಲಿ 'ಇಂಥ ಆವೃತ್ತಿಯವರೆಗೆ ಮಾತ್ರ ನಡೆಯುತ್ತದೆ' ಅಂತ ಬರೆದು ಫೈಲನ್ನು ಅಲ್ಲೇ ಬಿಡಿ. ಹಳೇ ಆವೃತ್ತಿ ಹಾಕಿಕೊಂಡು ಆಡುವವರು ಯಾವಾಗಲೂ ಇರುತ್ತಾರೆ.